ಅಪ್ಪನ ಬಿರುದು ಹೊತ್ತ ಬಸದಿ

ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ಲು ಸಿಗುತ್ತದೆ. ಹಿಂದೆ ಹಳೇಬೀಡನ್ನು ನೋಡಬೇಕೆಂದು ರೈಲಿನಲ್ಲಿ ಬರುತ್ತಿದ್ದವರು ಇಳಿಯಬೇಕಾದದ್ದೇ ಬಾಣಾವರದಲ್ಲಿ. ಬ್ರಿಟಿಷರ ಕಾಲದ ಗೆಜೆಟಿಯರು ಹಳೇಬೀಡು ಎಲ್ಲಿದೆ ಎಂಬುದನ್ನು ಬಾಣಾವರ ಸ್ಟೇಷನ್ನಿನಿಂದಲೇ ಅಳೆದು ಹೇಳುತ್ತದೆ, ಸುಮಾರು 18 ಮೈಲಿ ಎಂದು. ನಡುವಿನ ಜಾವಗಲ್ಲು ಇವತ್ತು ಮೂರು ಕಾರಣಕ್ಕೆ ಜನರಿಗೆ ಗೊತ್ತು. ಒಂದು ಅಲ್ಲಿನ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ, ಇನ್ನೊಂದು ಎಲ್ಲ ಜಾತಿಯವರೂ ಹರಕೆ ಹೊತ್ತು ಬರುವ ದರ್ಗಾ, ಮತ್ತೊಂದು ಊರ ಹೆಸರನ್ನು ತನ್ನ ಹೆಸರಿಗೆ ಕಟ್ಟಿಕೊಂಡು ಬೌಲ್ ಮಾಡಿದ ಶ್ರೀನಾಥ್. ನಾಲ್ಕನೆಯ ಕಾರಣವೊಂದಿದೆ, ಅದನ್ನು ನೆನೆಯುವವರು ಕಡಿಮೆ. 1133ರಲ್ಲಿ, ಆಗ ಆಸಂದಿನಾಡಿಗೆ ಸೇರಿದ್ದ ಈ ಜಾವಗಲ್ಲನ್ನು ಹೊಯ್ಸಳ ದೊರೆ ವಿಷ್ಣುವರ್ಧನ ಹಳೇಬೀಡಿನ ಒಂದು ಬಸದಿಗೆ ದತ್ತಿ ಬಿಟ್ಟ. ಊರಿನ ಹುಟ್ಟುವಳಿಯಿಂದ ಆ ದೇವರ ಪೂಜೆ ನಡೆಯಬೇಕು ಎಂಬ ಏರ್ಪಾಡು.

ಆ ಬಸದಿಯನ್ನು ಕಟ್ಟಿಸಿದವನು ಬೊಪ್ಪದೇವ. ಕಟ್ಟಿಸಿದ್ದು ತೀರಿಹೋದ ತನ್ನ ಅಪ್ಪನ ನೆನಪಿಗೆ. ಅಪ್ಪನ ಹೆಸರು ಗಂಗರಾಜ. ವಿಷ್ಣುವರ್ಧನನ ಮಹಾಪ್ರಧಾನ, ದಂಡನಾಯಕ. ಹಳೇಬೀಡಿನ ಪಾರ್ಶ್ವನಾಥ ಬಸದಿ ಎಂದು ನಾವೆಲ್ಲ ಕರೆಯುವುದು ಇದನ್ನೇ.

ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ಬಸ್ಸಿನಿಂದಿಳಿಯುವ ನೂರು ಮಂದಿಯಲ್ಲಿ ಈ ಬಸದಿಯಿರುವ ಬಸದಿಹಳ್ಳಿಯ ಕಡೆಗೆ ತಿರುಗುವವರು ಕೆಲವೇ ಮಂದಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಮನ್ನಣೆ ಸಿಕ್ಕ ಮೇಲೆ ಹೊಯ್ಸಳೇಶ್ವರದಲ್ಲಿ ಜನಜಂಗುಳಿ ಇನ್ನೂ ಹೆಚ್ಚಿದೆ. ನಡೆದೇ ಹೋಗಬಹುದಾದ ದೂರದಲ್ಲಿರುವ ಬಸದಿಗಳ ಅಂಗಳ ಮಾತ್ರ ಖಾಲಿ. ಬಂದವರೂ ಒಳಗಿನ ಕರಿಗಂಬಗಳಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ, ಗೈಡು ಹೇಳಿದಂತೆ ಕಂಬದ ಮುಂದೆ ಕೈ ಚಾಚಿ ನೆರಳು ಎಷ್ಟಾಗಿ ಕಾಣುತ್ತದೆಂದು ಎಣಿಸುತ್ತಾರೆ, ಫೋಟೋ ತೆಗೆದು ಹೊರಡುತ್ತಾರೆ. ಆ ಕಂಬಗಳ ನುಣುಪು ನಿಜಕ್ಕೂ ಬೆರಗಿನದೇ. ಆದರೆ ಇದು ಒಬ್ಬ ಮಗ ಅಪ್ಪನಿಗಾಗಿ ಎತ್ತಿಸಿದ ಕಟ್ಟಡ ಎಂಬುದನ್ನು ತಿಳಿದು ಒಳಗೆ ಕಾಲಿಟ್ಟರೆ ಅದೇ ಕಂಬಗಳು ಬೇರೆಯಾಗಿ ಕಾಣುತ್ತವೆ. ಅದಕ್ಕಾಗಿ ಆ ಅಪ್ಪ ಯಾರು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಗಂಗರಾಜನ ಬದುಕಿನ ಎಳೆಗಳನ್ನು ಹಿಡಿದಿಟ್ಟಿರುವುದು ಕಲ್ಲುಗಳು. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಅಚ್ಚು ಹಾಕಿಸಿದರು, ಆರ್. ನರಸಿಂಹಾಚಾರ್ಯರು ಅದನ್ನು ತಿದ್ದಿ, ಬೆಳೆಸಿ 1923ರಲ್ಲಿ ಮತ್ತೆ ಹೊರತಂದರು. ಹಾಸನ ಜಿಲ್ಲೆಯ ಶಾಸನಗಳ ಸಂಪುಟವೂ ರೈಸ್ ಅವರದೇ, 1902ರದು. ಇವುಗಳಲ್ಲಿ ಗಂಗರಾಜನ ಮನೆಯವರ ಹೆಸರು ಮತ್ತೆ ಮತ್ತೆ ಬರುತ್ತದೆ. ತಂದೆ ಏಚಿರಾಜ, ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮೀದೇವಿ, ಅಣ್ಣ ಬಮ್ಮ, ಅತ್ತಿಗೆ ಜಕ್ಕಿಮವ್ವೆ, ಅಣ್ಣನ ಮಗ ಏಚ, ಸ್ವಂತ ಮಗ ಬೊಪ್ಪ. ಹನ್ನೆರಡನೆಯ ಶತಮಾನದ ಒಬ್ಬ ಸೇನಾಪತಿಯ ಬಗ್ಗೆ ಯುದ್ಧದ ಲೆಕ್ಕ ಸಿಗುವುದು ಸಹಜ. ಇಡೀ ಮನೆಯೇ ಹೀಗೆ ಕಣ್ಣ ಮುಂದೆ ಬಂದು ನಿಲ್ಲುವುದು ಅಪರೂಪ.

ಯುದ್ಧದ ಲೆಕ್ಕವೂ ಸಣ್ಣದಲ್ಲ. ಚೋಳರ ಕೈಯಲ್ಲಿದ್ದ ತಲಕಾಡನ್ನು 1116ರ ಹೊತ್ತಿಗೆ ಹೊಯ್ಸಳರಿಗೆ ಗೆದ್ದುಕೊಟ್ಟವನು ಗಂಗರಾಜ. ಚೋಳರ ಅಧಿಕಾರಿ ಅದಿಯಮನಿಗೆ ನಾಡನ್ನು ಬಿಟ್ಟುಕೊಡು ಎಂದು ಹೇಳಿ ಕಳುಹಿಸಿದಾಗ, ಕಾದಿ ತೆಗೆದುಕೋ ಎಂದು ಆತ ಉತ್ತರಿಸಿದನಂತೆ; ಗಂಗರಾಜ ಹಾಗೆಯೇ ಮಾಡಿದ. ಆಮೇಲೆ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೈನ್ಯ ಹನ್ನೆರಡು ಮಂದಿ ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದಾಗ ರಾತ್ರಿಯಲ್ಲೇ ಅದರ ಮೇಲೆ ಬಿದ್ದು, ಅವರ ಸರಕು, ವಾಹನಗಳನ್ನೆಲ್ಲ ತಂದು ದೊರೆಯ ಮುಂದೆ ಇಟ್ಟ. ವಿಷ್ಣುವರ್ಧನ ಹಿಗ್ಗಿ, ಬೇಕಾದ್ದನ್ನು ಕೇಳು ಎಂದ.

ಗಂಗರಾಜ ಕೇಳಿದ್ದು ಪರಮ ಎಂಬ ಒಂದು ಹಳ್ಳಿಯನ್ನು. ಅದನ್ನು ತನ್ನ ಮನೆಗೆ ಇಟ್ಟುಕೊಳ್ಳಲಿಲ್ಲ. ಅವ್ವ ಪೋಚಿಕಬ್ಬೆ ಮತ್ತು ಹೆಂಡತಿ ಲಕ್ಷ್ಮೀದೇವಿ ಕಟ್ಟಿಸಿದ್ದ ಬಸದಿಗಳ ಪೂಜೆಗೆಂದು 1118ರಲ್ಲಿ ಬಿಟ್ಟುಕೊಟ್ಟ. ಇನ್ನೊಮ್ಮೆ ಅಂಥದೇ ಅವಕಾಶ ಬಂದಾಗ ಗೋವಿಂದವಾಡಿಯನ್ನು ಕೇಳಿ ಪಡೆದು ಬೆಳಗೊಳದ ಗೊಮ್ಮಟನಿಗೆ ಅರ್ಪಿಸಿದ. ಶಾಸನ ಬರೆದ ಕವಿಗೆ ಇದು ಬಹಳ ಹಿಡಿಸಿರಬೇಕು. ರಾಜ್ಯವನ್ನೋ ಹೊನ್ನನ್ನೋ ಕೇಳಬಹುದಾಗಿದ್ದವನು ಜಿನಪೂಜೆಗೆ ಬೇಕಾದ್ದನ್ನಷ್ಟೇ ಕೇಳಿದ ಎಂಬ ಭಾವದಲ್ಲಿ ಬರೆದಿದ್ದಾನೆ. ಹೊಗಳಿಕೆಯ ಮಾತನ್ನೆಲ್ಲ ಕಳೆದರೂ ಉಳಿಯುವ ಸಂಗತಿ ದೊಡ್ಡದು. ಪ್ರಾಣ ಒತ್ತೆಯಿಟ್ಟು ಗೆದ್ದುಬಂದವನು ಬಹುಮಾನ ಕೇಳುವ ಗಳಿಗೆಯಲ್ಲಿ ಅವನ ಮನಸ್ಸಿಗೆ ಬಂದದ್ದು ಅವ್ವ, ಹೆಂಡತಿ ಕಟ್ಟಿಸಿದ ಗುಡಿಗಳಲ್ಲಿ ದೀಪ ಉರಿಯಬೇಕೆಂಬುದು.

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಈ ಸಂಸಾರ ಕಲ್ಲಿನಲ್ಲಿ ಒಟ್ಟಿಗೇ ಕಾಣುತ್ತದೆ. ಬಾಗಿಲ ಬಳಿ ಶಾಸನವಿರುವುದರಿಂದ ಶಾಸನ ಬಸದಿ ಎಂದು ಹೆಸರಾದದ್ದು ಗಂಗರಾಜ ತಾನೇ ಕಟ್ಟಿಸಿದ್ದು. ಅದರ ಹಳೆಯ ಹೆಸರು ಇಂದಿರಾಕುಲಗೃಹ. ಎರಡು ಕಡೆ ಮೆಟ್ಟಿಲಿರುವ ಎರಡುಕಟ್ಟೆ ಬಸದಿ ಲಕ್ಷ್ಮೀದೇವಿಯದು. ಕತ್ತಲೆ ಬಸದಿ ಗಂಗರಾಜ ತಾಯಿಗಾಗಿ ಮಾಡಿಸಿದ್ದು. ಕಿಟಕಿಯಿಲ್ಲದ ಕಾರಣ ಹಗಲಲ್ಲೂ ಕತ್ತಲು ತುಂಬಿರುವ ಆ ಗುಡಿಯಲ್ಲಿ ಆದಿನಾಥ ಕೂತಿದ್ದಾನೆ; ಬೆಟ್ಟದ ಮೇಲಿನ ಗುಡಿಗಳಲ್ಲಿ ಗರ್ಭಗುಡಿಗೆ ಒಳಗಿಂದಲೇ ಪ್ರದಕ್ಷಿಣೆ ಬರಲು ದಾರಿಯಿರುವುದು ಇದೊಂದಕ್ಕೇ. ಕೆಳಗೆ ಊರಿನಲ್ಲಿ ಅತ್ತಿಗೆ ಜಕ್ಕಿಮವ್ವೆಯ ಹೆಸರಿನ ಜಕ್ಕಿಕಟ್ಟೆ ಇದೆ. ಊರಿಗೆ ಹತ್ತಿರದ ಜಿನನಾಥಪುರವೂ ಗಂಗರಾಜ ನೆಲೆಗೊಳಿಸಿದ ಊರು. ಒಂದೇ ಮನೆಯಲ್ಲಿ ಅತ್ತೆ, ಸೊಸೆಯರು, ಮಗ, ಅಣ್ಣನ ಮಗ ಎಲ್ಲರೂ ಬೇರೆ ಬೇರೆಯಾಗಿ ಬಸದಿ, ಕೆರೆ, ಕಟ್ಟೆ ಮಾಡಿಸುತ್ತಿದ್ದರು. ಹೆಣ್ಣುಮಕ್ಕಳು ಮಾಡಿಸಿದ್ದು ಅವರವರ ಹೆಸರಿನಲ್ಲೇ ದಾಖಲಾಯಿತು, ಗಂಡನ ಹೆಸರಿನ ಮರೆಗೆ ಸರಿಯಲಿಲ್ಲ. ಈ ಮನೆತನದ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸುವ ಸಂಗತಿ ಇದು.

ದೊಡ್ಡಬೆಟ್ಟದ ಮೇಲೆ ಗೊಮ್ಮಟನ ಸುತ್ತ ಇರುವ ಸುತ್ತಾಲಯವೂ ಗಂಗರಾಜನದೇ. ಚಾವುಂಡರಾಯ ಮೂರ್ತಿ ಮಾಡಿಸಿ ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ, ಬಯಲಲ್ಲಿ ಒಂಟಿಯಾಗಿ ನಿಂತ ಬಾಹುಬಲಿಗೆ ಆವರಣ ಕಟ್ಟಿಸಿಕೊಟ್ಟ. ಇವತ್ತು ಮಹಾಮಸ್ತಕಾಭಿಷೇಕದ ಚಿತ್ರಗಳಲ್ಲಿ ಮೂರ್ತಿಯ ಹಿಂದೆ ಕಾಣುವ ಮೊಗಸಾಲೆ ಅದು. ಕಣ್ಣು ಮೂರ್ತಿಯ ಮೇಲೇ ನೆಟ್ಟಿರುವುದರಿಂದ ಅದನ್ನು ಯಾರು ಕಟ್ಟಿಸಿದರೆಂದು ಕೇಳುವುದು ನಮಗೆ ಹೊಳೆಯುವುದಿಲ್ಲ.

ಆದರೂ ಗಂಗರಾಜನನ್ನು ಅವನ ಕಾಲದವರು ನೆನೆದದ್ದು ಹೊಸದಾಗಿ ಕಟ್ಟಿಸಿದ್ದಕ್ಕಿಂತ ಹೆಚ್ಚಾಗಿ ಜೀರ್ಣೋದ್ಧಾರಕ್ಕೆ. ಗಂಗವಾಡಿ ತೊಂಬತ್ತಾರು ಸಾಸಿರದಲ್ಲಿ ಚೋಳರ ಯುದ್ಧಗಳ ಕಾಲದಲ್ಲಿ ಪಾಳುಬಿದ್ದ ಬಸದಿಗಳು ಎಷ್ಟೋ ಇದ್ದವು. ಅವುಗಳನ್ನು ಮತ್ತೆ ಎತ್ತಿ ನಿಲ್ಲಿಸಿ ಆ ನಾಡನ್ನು ಕೊಪಣದಂತೆ ಮಾಡಿದ ಎನ್ನುತ್ತವೆ ಶಾಸನಗಳು. ಕೊಪಣ ಎಂದರೆ ಇಂದಿನ ಕೊಪ್ಪಳ, ಆಗಿನ ಜೈನರಿಗೆ ಮಹಾತೀರ್ಥ. ಹೊಸ ಗುಡಿಗೆ ಕಟ್ಟಿಸಿದವನ ಹೆಸರು ಬರುತ್ತದೆ, ಹಳೆಯ ಗುಡಿಯ ಗೋಡೆ ಸರಿಮಾಡಿಸಿದರೆ ಹೆಸರು ಮೊದಲಿನವನದೇ ಉಳಿಯುತ್ತದೆ. ಹೀಗಿದ್ದೂ ಆ ಕೆಲಸವನ್ನು ಊರೂರಿನಲ್ಲಿ ಮಾಡಿಸುತ್ತ ಹೋದವನು ತನ್ನ ಸಮುದಾಯದ ಬಗ್ಗೆ ಎಂಥ ಕಾಳಜಿ ಇಟ್ಟುಕೊಂಡಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅವನ ಸುತ್ತ ಆಗಲೇ ಕತೆಗಳೂ ಹುಟ್ಟಿಕೊಂಡಿದ್ದವು. ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆಗಾಗಿ ಗೋದಾವರಿ ಹರಿಯುವುದನ್ನು ನಿಲ್ಲಿಸಿದಳಂತೆ. ಹಾಗೆಯೇ ಕಾವೇರಿ ಉಕ್ಕಿಬಂದು ಸುತ್ತುವರಿದರೂ ಗಂಗರಾಜನನ್ನು ಮುಟ್ಟಲಿಲ್ಲ ಎಂದು ಶಾಸನವೊಂದು ಹೇಳುತ್ತದೆ. ಮುಂದೆ ಹುಳ್ಳ ದಂಡನಾಯಕನ ಕಾಲದ ಶಾಸನವೊಂದು ಜಿನಧರ್ಮವನ್ನು ಎತ್ತಿಹಿಡಿದವರು ಯಾರೆಂದು ಕೇಳಿಕೊಂಡು, ಮೊದಲು ಚಾವುಂಡರಾಯ, ಆಮೇಲೆ ಗಂಗರಾಜ, ಆಮೇಲೆ ಹುಳ್ಳ ಎಂದು ಮೂವರ ಹೆಸರನ್ನು ಮಾತ್ರ ಎಣಿಸುತ್ತದೆ.

1120ರ ಆಸುಪಾಸಿನ ನಾಲ್ಕು ವರ್ಷ ಈ ಮನೆಗೆ ಸಾವಿನ ಕಾಲ. ಪೋಚಿಕಬ್ಬೆ ಸಲ್ಲೇಖನ ವ್ರತ ಹಿಡಿದು ಬೆಳಗೊಳದಲ್ಲಿ ದೇಹ ಬಿಟ್ಟಳು. 1121ರಲ್ಲಿ ಹೆಂಡತಿ ಲಕ್ಷ್ಮೀದೇವಿಯೂ ಅದೇ ದಾರಿಯಲ್ಲಿ ನಡೆದಳು. 1123ರಲ್ಲಿ ಮನೆಮಂದಿಯ ಗುರು ಶುಭಚಂದ್ರ ಸಿದ್ಧಾಂತದೇವರು ಹೋದರು. ಒಬ್ಬೊಬ್ಬರಿಗೂ ಗಂಗರಾಜ ನಿಸಿದಿ ಕಲ್ಲು ನಿಲ್ಲಿಸಿದ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಲಕ್ಷ್ಮೀದೇವಿಗೆ ಸಮಾನರಿಲ್ಲ ಎಂದು ಅವಳ ಕಲ್ಲಿನಲ್ಲಿ ಹೇಳಿಸಿದ್ದಾನೆ. ಸೇನಾಪತಿಯ ಹೆಂಡತಿಯ ನೆನಪಿನಲ್ಲಿ ರೂಪ, ಕುಲ, ಸಂಪತ್ತಿನ ಮಾತಿಗಿಂತ ಹಸಿದವರಿಗೆ ಅನ್ನ ಕೊಟ್ಟದ್ದು, ರೋಗಿಗಳಿಗೆ ಮದ್ದು ಕೊಟ್ಟದ್ದು ನಿಲ್ಲಬೇಕೆಂದು ಗಂಡ ಬಯಸಿದ. ಸತ್ತವರನ್ನು ಕಲ್ಲಿನಲ್ಲಿ ನೆನೆಯುವ ಈ ರೂಢಿಯನ್ನು ಬೊಪ್ಪದೇವ ಮನೆಯಲ್ಲೇ ಕಂಡವನು.

1133ರಲ್ಲಿ ಗಂಗರಾಜನೂ ತೀರಿಕೊಂಡ. ಬೊಪ್ಪದೇವ ಅಪ್ಪನಿಗೆ ಬೆಳಗೊಳದಲ್ಲಿ ಇನ್ನೊಂದು ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ರಾಜಧಾನಿ ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ ನಡುವೆಯೇ, ಅಪ್ಪ ದುಡಿದ ಊರಿನಲ್ಲೇ, ಬಸದಿ ಎತ್ತಿಸಿದ. ಅದಕ್ಕೆ ಇಟ್ಟ ಹೆಸರು ದ್ರೋಹಘರಟ್ಟ ಜಿನಾಲಯ. ದ್ರೋಹಘರಟ್ಟ ಎಂಬುದು ಗಂಗರಾಜನ ಬಿರುದು: ದ್ರೋಹಿಗಳನ್ನು ಅರೆದುಹಾಕುವ ಬೀಸುಕಲ್ಲು. ಶಾಂತಿಯ ಧರ್ಮದ ಗುಡಿಗೆ ಇಂಥ ಹೆಸರೇ ಎಂದು ಅನ್ನಿಸಬಹುದು. ಆದರೆ ಒಡೆಯನಿಗೆ ಎರಡು ಬಗೆಯದಿರುವುದು ಗಂಗರಾಜನ ಪಾಲಿಗೆ ಬರೀ ದರಬಾರಿನ ಮಾತಾಗಿರಲಿಲ್ಲ. ಅವನು ಒಪ್ಪಿದ್ದ ಏಳು ನರಕಗಳ ಪಟ್ಟಿಯೊಂದನ್ನು ಶಾಸನ ಕೊಡುತ್ತದೆ. ಸುಳ್ಳಾಡುವುದು, ಯುದ್ಧದಲ್ಲಿ ಅಂಜುವುದು, ಪರಸ್ತ್ರೀಯನ್ನು ಬಯಸುವುದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು, ಬೇಡಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದು, ತನ್ನನ್ನು ನಂಬಿದವರ ಕೈಬಿಡುವುದು, ಒಡೆಯನಿಗೆ ದ್ರೋಹ ಬಗೆಯುವುದು. ಸತ್ತ ಮೇಲೆ ಕಾಣುವ ನರಕದ ವರ್ಣನೆ ಇದರಲ್ಲಿಲ್ಲ; ಎಲ್ಲವೂ ಬದುಕಿರುವಾಗ ಮಾಡಬಾರದ ಕೆಲಸಗಳು. ಮೂರು ಮಾತು ತನ್ನನ್ನು ನೆಚ್ಚಿ ಬಂದವರ ಕುರಿತಾಗಿಯೇ ಇವೆ ಎಂಬುದನ್ನು ಗಮನಿಸಬೇಕು.

ಬಸದಿಯ ಪ್ರತಿಷ್ಠೆ ನಯಕೀರ್ತಿ ಸಿದ್ಧಾಂತ ಚಕ್ರವರ್ತಿಗಳಿಂದ ಆಯಿತು. ಅದಾದ ಮೇಲೆ ನಡೆದದ್ದನ್ನು ಶಾಸನ ಬಹಳ ಚೆನ್ನಾಗಿ ಹೇಳುತ್ತದೆ. ಪೂಜೆ ಮಾಡುವ ಇಂದ್ರರು ದೇವರ ಪ್ರಸಾದ ತೆಗೆದುಕೊಂಡು ದೊರೆಯನ್ನು ಕಾಣಲು ಬಂಕಾಪುರಕ್ಕೆ ಹೋದರು. ಇಂದಿನ ಹಾವೇರಿ ಜಿಲ್ಲೆಯ ಆ ಊರಿನಲ್ಲಿ ವಿಷ್ಣುವರ್ಧನ ಆಗ ಬೀಡುಬಿಟ್ಟಿದ್ದ. ತನ್ನ ಮೇಲೆ ಏರಿಬಂದ ಮಸಣ ಎಂಬವನನ್ನು ಆಗಷ್ಟೇ ಸೋಲಿಸಿದ್ದ. ಅದೇ ಹೊತ್ತಿಗೆ ರಾಣಿ ಲಕ್ಷ್ಮೀದೇವಿ ಗಂಡುಮಗುವನ್ನು ಹೆತ್ತ ಸುದ್ದಿಯೂ ಬಂದಿತ್ತು. ಗೆಲುವು, ಮಗು, ಪ್ರಸಾದ ಮೂರೂ ಒಟ್ಟಿಗೆ ಬಂದಾಗ ದೊರೆ ಎದ್ದು ಬಂದು ಕೈಮುಗಿದು ಪ್ರಸಾದವನ್ನು ತಲೆಗೊತ್ತಿಕೊಂಡ. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ಗೆದ್ದೆ, ಮಗನನ್ನು ಪಡೆದೆ ಎಂದು ಹೇಳಿ ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ಜಾವಗಲ್ಲನ್ನು ಬಿಟ್ಟುಕೊಟ್ಟದ್ದು ಆ ಸಂತೋಷದಲ್ಲೇ. ಆ ಮಗುವೇ ಮುಂದೆ ಒಂದನೆಯ ನರಸಿಂಹನಾಗಿ ಪಟ್ಟವೇರಿತು.

ವಿಷ್ಣುವರ್ಧನ ವೈಷ್ಣವನಾದ ಮೇಲೆ ಬಸದಿಗಳನ್ನು ಕೆಡವಿಸಿದ, ಅದಕ್ಕೇ ಭೂಮಿ ಬಾಯ್ಬಿಟ್ಟಿತು ಎಂಬಂಥ ಕತೆಗಳು ಈ ಸೀಮೆಯಲ್ಲಿ ಓಡಾಡುತ್ತವೆ. ಅವನ್ನು ಕೇಳಿದಾಗಲೆಲ್ಲ ಈ ಶಾಸನವನ್ನು ಮುಂದಿಡಬೇಕು ಅನ್ನಿಸುತ್ತದೆ. ಬೇಲೂರಿನ ಚೆನ್ನಿಗರಾಯನನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಅದೇ ದೊರೆ, ಹದಿನಾರು ವರ್ಷದ ಮೇಲೆ, ತನ್ನ ಜೈನ ಸೇನಾಪತಿಯ ನೆನಪಿನ ಬಸದಿಗೆ ಹೆಸರನ್ನೂ ಕೊಟ್ಟ, ಊರನ್ನೂ ಕೊಟ್ಟ. ಅವನ ರಾಣಿ ಶಾಂತಲೆಯ ಸವತಿಗಂಧವಾರಣ ಬಸದಿ ಇರುವುದೂ ಚಿಕ್ಕಬೆಟ್ಟದಲ್ಲೇ, ಗಂಗರಾಜನ ಬಸದಿಗಳ ನೆರೆಯಲ್ಲಿ.

ಈಗ ಕಟ್ಟಡಕ್ಕೆ ಬರೋಣ. ಹೊಯ್ಸಳೇಶ್ವರದ ಗೋಡೆಯಲ್ಲಿ ಅಂಗೈಯಗಲ ಜಾಗವೂ ಬರಿದಾಗಿ ಉಳಿದಿಲ್ಲ: ಆನೆ, ಕುದುರೆ, ಬಳ್ಳಿ, ರಾಮಾಯಣ, ಮಹಾಭಾರತ. ಅದನ್ನು ನೋಡಿ ಬಂದ ಕಣ್ಣಿಗೆ ಪಾರ್ಶ್ವನಾಥ ಬಸದಿಯ ಹೊರಗೋಡೆ ಮೊದಲು ಸಪ್ಪೆ ಅನ್ನಿಸುತ್ತದೆ. ಅರೆಗಂಬಗಳ ಸಾಲು, ನೇರ ಗೆರೆಗಳು, ಅಷ್ಟೆ. ಎರಡೂ ಒಂದೇ ಊರಿನ, ಹತ್ತಿರ ಹತ್ತಿರ ಒಂದೇ ಕಾಲದ ಕೆಲಸ. ಕಸುಬು ಗೊತ್ತಿಲ್ಲದೆ ಬಿಟ್ಟದ್ದಲ್ಲ, ಬೇಡವೆಂದು ಬಿಟ್ಟದ್ದು ಎಂಬುದು ಒಳಗೆ ಹೋದರೆ ತಿಳಿಯುತ್ತದೆ. ಹೊರಗೆ ಉಳಿಸಿದ ಕೈಚಳಕವನ್ನೆಲ್ಲ ನವರಂಗದ ಕಂಬಗಳಿಗೆ ಸುರಿದಿದ್ದಾರೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಒಡ್ಡಿದಷ್ಟೂ ಗಟ್ಟಿ; ಅದನ್ನು ತಿರುಗಣೆಗೆ ಕೊಟ್ಟು ಉಂಗುರ ಉಂಗುರವಾಗಿ ಕಡೆದು, ಆಮೇಲೆ ಉಜ್ಜಿ ಉಜ್ಜಿ ಕನ್ನಡಿಯ ಹೊಳಪು ಬರಿಸಿದ್ದಾರೆ. ಎಂಟುನೂರು ಚಿಲ್ಲರೆ ವರ್ಷದ ಮೇಲೂ ಆ ಹೊಳಪು ಮಾಸಿಲ್ಲ. ತಲೆಯೆತ್ತಿದರೆ ನಡುಛಾವಣಿಯಲ್ಲಿ ಧರಣೇಂದ್ರ. ಒಳಗೆ ಆಳಿನ ಎರಡರಷ್ಟಕ್ಕಿಂತ ಎತ್ತರದ ಪಾರ್ಶ್ವನಾಥ, ತಲೆಯ ಮೇಲೆ ಹಾವಿನ ಹೆಡೆಗಳ ಕೊಡೆ, ಮೈಮೇಲೆ ಒಂದೂ ಒಡವೆಯಿಲ್ಲ. ನವರಂಗದ ಮಸುಕಿನಲ್ಲಿ ನಿಂತು ನೋಡಿದಾಗ ಆ ನಿಲುವಿನ ಎತ್ತರ ಪೂರ್ತಿಯಾಗಿ ಅರಿವಿಗೆ ಬರುವುದಕ್ಕೆ ಸ್ವಲ್ಪ ಹೊತ್ತು ಬೇಕು. ಆತುರಪಟ್ಟು ಹೊರಬರಬೇಡಿ.

ಬೊಪ್ಪದೇವ ಹಾಕಿದ ತಳಪಾಯದ ಸುತ್ತ ಆಮೇಲೆ ಒಂದು ಸಮುದಾಯವೇ ಬೆಳೆಯಿತು. ಪಕ್ಕದಲ್ಲಿ ಪುಟ್ಟ ಆದಿನಾಥ ಬಸದಿ ಬಂತು. ಶತಮಾನದ ಕೊನೆಗೆ, 1192ರ ಸುಮಾರಿಗೆ, ಶಾಂತಿನಾಥ ಬಸದಿ ಎದ್ದಿತು. ಅದನ್ನು ಕಟ್ಟಿಸಿದವರು ದಂಡನಾಯಕರಲ್ಲ, ಕವಡಮಯ್ಯ, ದೇವಿಸೆಟ್ಟಿ ಎಂಬ ವರ್ತಕರು. ಹೊಯ್ಸಳರು ಹೋದರು, ದೋರಸಮುದ್ರ ಹಳೆಯ ಬೀಡಾಯಿತು, ಬಸದಿಯ ಪೂಜೆ ಮಾತ್ರ ನಡೆಯುತ್ತಲೇ ಇತ್ತು. ಅದಕ್ಕೆ ಪುರಾವೆ ಒಂದು ಜಗಳ.

ಬೇಲೂರು ನಾಯಕರ ಕಾಲ, 1638. ವೀರಶೈವರಾದ ಹುಚ್ಚಪ್ಪದೇವ ಎಂಬುವರು ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿಸಿದರು. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ಊರು ಎರಡಾಗುವ ಹೊತ್ತು. ಜೈನರು ಬೇಲೂರಿಗೆ ಹೋಗಿ ಅರಿಕೆ ಮಾಡಿಕೊಂಡರು. ವೀರಶೈವ ಹಿರಿಯರ ಮಹಾಮಹತ್ತು ಸೇರಿತು. ಹಿರಿಯರು ಕೊಟ್ಟ ತೀರ್ಪು ಹೀಗೆ: ಮೊದಲು ವಿಭೂತಿ ವೀಳ್ಯ ಕೊಡಿಸಿ, ಆಮೇಲೆ ಪೂಜೆ, ದೀಪ, ಅಂಗರಂಗ ಭೋಗವನ್ನೆಲ್ಲ ಜೈನರು ಹಿಂದಿನಿಂದ ನಡೆದುಬಂದಂತೆಯೇ, ಸೂರ್ಯಚಂದ್ರರು ಇರುವವರೆಗೂ ನಡೆಸಿಕೊಂಡು ಹೋಗಲಿ. ಅಲ್ಲಿಗೆ ನಿಲ್ಲಿಸದೆ, ಈ ಜೈನಧರ್ಮಕ್ಕೆ ಅಡ್ಡಬಂದವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ ಎಂದೂ ಸೇರಿಸಿದರು. ಅದನ್ನು ಕಲ್ಲಿನಲ್ಲಿ ಕೊರೆಸಿದರು. ಎರಡೂ ಕಡೆಯವರು ಒಂದೊಂದು ಹೆಜ್ಜೆ ಹಿಂದೆ ಸರಿದು ಮಾಡಿಕೊಂಡ ಒಪ್ಪಂದ ಅದು. ಹಳೇಬೀಡಿನ ಶಿಲ್ಪಗಳಷ್ಟೇ ಮುತುವರ್ಜಿಯಿಂದ ನಮ್ಮ ಶಾಲೆಯ ಮಕ್ಕಳಿಗೆ ಈ ಶಾಸನವನ್ನೂ ತೋರಿಸಬೇಕು.

ಬೊಪ್ಪದೇವನ ಬಗ್ಗೆ ಒಂದು ಮಾತು ಉಳಿದಿದೆ. ಅಪ್ಪ ಸತ್ತ ಎರಡು ವರ್ಷಕ್ಕೆ, 1135ರಲ್ಲಿ, ದೊಡ್ಡಪ್ಪನ ಮಗ ಏಚನೂ ಬೆಳಗೊಳದಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಏಚನೂ ಕೊಪಣ, ಬೆಳಗೊಳಗಳಲ್ಲಿ ಬಸದಿ ಕಟ್ಟಿಸಿದವನು. ಅವನ ನಿಸಿದಿ ನಿಲ್ಲಿಸಿ, ಅವನು ಕಟ್ಟಿಸಿದ್ದ ಬಸದಿಗಳಿಗೆ ಭೂಮಿ ಬಿಡಿಸಿದವನು ಬೊಪ್ಪ. ಅವ್ವ, ಹೆಂಡತಿ ಕಟ್ಟಿಸಿದ ಗುಡಿಗಳಿಗೆ ಗಂಗರಾಜ ಊರು ಕೇಳಿ ತಂದದ್ದನ್ನು ಮಗ ನೋಡಿದ್ದ. ತಮ್ಮವರು ಕಟ್ಟಿಸಿದ್ದನ್ನು ತಾವು ನಡೆಸಿಕೊಂಡು ಹೋಗುವ ಆ ಕೆಲಸ ಈಗ ಅವನ ಪಾಲಿಗೆ ಬಂದಿತ್ತು.

ಹಳೇಬೀಡಿಗೆ ಹೋಗುವವರು ಹೊಯ್ಸಳೇಶ್ವರ ಮುಗಿಸಿ, ಬಸದಿಹಳ್ಳಿ ಎಲ್ಲಿ ಎಂದು ಯಾರನ್ನಾದರೂ ಕೇಳಿದರೆ ದಾರಿ ತೋರಿಸುತ್ತಾರೆ. ಕೇದಾರೇಶ್ವರವೂ ಅದೇ ದಿಕ್ಕಿನಲ್ಲಿದೆ. ಇನ್ನೊಂದು ದಿನ ಕೈಯಲ್ಲಿದ್ದರೆ ಶ್ರವಣಬೆಳಗೊಳಕ್ಕೆ ಹೋಗಿ, ಚಿಕ್ಕಬೆಟ್ಟದಲ್ಲಿ ಶಾಸನ ಬಸದಿ, ಎರಡುಕಟ್ಟೆ ಬಸದಿ, ಕತ್ತಲೆ ಬಸದಿಗಳನ್ನು ಗಂಡ, ಹೆಂಡತಿ, ತಾಯಿ ಎಂಬ ಸಂಬಂಧದಲ್ಲಿ ಒಂದಾದ ಮೇಲೊಂದರಂತೆ ನೋಡಬಹುದು. ದೊಡ್ಡಬೆಟ್ಟದ ಮೇಲೆ ಗೊಮ್ಮಟನ ಪಾದದ ಬಳಿಯ ಬರಹಗಳನ್ನು ಅಲ್ಲಿನ ತಿಳಿದವರಿಂದ ಓದಿಸಿಕೊಳ್ಳಿ. ಮೂರ್ತಿ ಮಾಡಿಸಿದ ಚಾವುಂಡರಾಯನ ಹೆಸರಿದೆ. ಸುತ್ತಾಲಯ ಮಾಡಿಸಿದ ಗಂಗರಾಜನ ಹೆಸರು, ಬಿರುದಿಲ್ಲದೆ, ಹೊಗಳಿಕೆಯಿಲ್ಲದೆ, ಅದರ ಜೊತೆಗೇ ಇದೆ.